ಶೆಟ್ಟಿಹಳ್ಳಿ ಚರ್ಚು ಯಾರದು?

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ಹಾಳು ಚರ್ಚು ಈಗ ಫೋಟೊ ತೆಗೆಯುವವರ ಪಾಲಾಗಿದೆ. ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರು ಏರಿದರೆ ಅರ್ಧ ಮುಳುಗುತ್ತದೆ. ನೀರು ಇಳಿದ ಮೇಲೆ ಚೂಪು ಕಮಾನುಗಳ ಕೆಳಗೆ ನಡೆದುಹೋಗಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಆಲೂರು, ಸಕಲೇಶಪುರದ ಬ್ರಿಟಿಷ್ ತೋಟದ ದೊರೆಗಳಿಗಾಗಿ ಇದನ್ನು ಕಟ್ಟಿದರೆಂಬ ಕಥೆ ಬಂದವರಿಗೆಲ್ಲ ಸಿಗುತ್ತದೆ. ಕಥೆ ಚೆನ್ನಾಗಿದೆ, ಆದರೆ ನಂಬುವುದು ಕಷ್ಟ. ಆ ದೊರೆಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಚರ್ಚು ಕಥೊಲಿಕರದು, ಜಪಸರ ಮಾತೆಯ ಹೆಸರಿನದು. ತೋಟದವರಿಗೆ ಬೇಕಿದ್ದರೆ ಅದು ಮಲೆನಾಡಿನ ತೋಟಗಳ ನಡುವೆ ಏಳಬೇಕಿತ್ತು, ಹೇಮಾವತಿ ದಂಡೆಯ ರಾಗಿ-ಭತ್ತದ ಸೀಮೆಯಲ್ಲಲ್ಲ. ಒಬ್ಬಿಬ್ಬರು ದೊರೆಗಳು ಪೂಜೆಗೆ ಬಂದಿರಬಹುದು, ದುಡ್ಡನ್ನೂ ಕೊಟ್ಟಿರಬಹುದು. ಆದರೆ ವಾರವಾರವೂ ಅಷ್ಟು ದೊಡ್ಡ ಚರ್ಚು ತುಂಬಲು ಅಕ್ಕಪಕ್ಕದಲ್ಲೇ ಜನ ಬೇಕು. ಆ ಜನ ಯಾರೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು, ಹಾಸನದ ಹತ್ತಿರದ ಸತ್ತಿಹಳ್ಳಿಗೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚೆದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಪ್ಯಾರಿಸ್ ಮಿಷನ್ನಿನ ಪಾದ್ರಿ ಅಬ್ಬೆ ದುಬಾಯ್. ಹಿಂದೂ ಆಚಾರವಿಚಾರಗಳ ಬಗ್ಗೆ ಬರೆದ ಪುಸ್ತಕದಿಂದ ಅವರ ಹೆಸರು ಉಳಿದಿದೆ. ಅದರ ಬಹುಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕೆರ್ದೂ ಅವರ ಹಸ್ತಪ್ರತಿಯಿಂದ ಎತ್ತಿದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ, ಆ ಮಾತು ಬೇರೆ. ಸಿಡುಬಿಗೆ ದಾಕು ಹಾಕಿಸಲು ಓಡಾಡಿದ್ದು, ದಿಕ್ಕಿಲ್ಲದ ಕ್ರೈಸ್ತ ಕುಟುಂಬಗಳು ನೆಲ ಉತ್ತು ಬದುಕಲೆಂದು ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಹಾಕಿದ್ದು ಮಾತ್ರ ಯಾರಿಂದಲೂ ಎತ್ತಿದ್ದಲ್ಲ. ಊರಿನವರು ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ಶೆಟ್ಟಿಹಳ್ಳಿಯ ಚರ್ಚು ಎದ್ದಾಗ ಆ ಒಕ್ಕಲು ಕ್ರೈಸ್ತರು ಎರಡು ಮೂರು ತಲೆಮಾರು ಕಳೆದಿದ್ದರು. ಹೊಸ ಚರ್ಚನ್ನು ಈ ಹಳೆಯ ಒಕ್ಕಲಿನ ಬೆಳವಣಿಗೆ ಎಂದು ನೋಡಿದರೆ ಅದರ ಜಾಗಕ್ಕೂ ಗಾತ್ರಕ್ಕೂ ಅರ್ಥ ಬರುತ್ತದೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ: ಭೂಮಿಗಾಗಿ, ಊಟಕ್ಕಾಗಿ ಕೂಡಿದ ಸಭೆಯನ್ನು ಭಕ್ತರ ಸಭೆ ಎನ್ನಬಹುದೇ? ತಮಾಷೆಯೆಂದರೆ, ಇದನ್ನು ಎಲ್ಲರಿಗಿಂತ ಕಟುವಾಗಿ ಎತ್ತಿದವರು ದುಬಾಯ್ ಅವರೇ. 1823ರಲ್ಲಿ ಭಾರತ ಬಿಟ್ಟು ಹೋದ ವರ್ಷವೇ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಇಲ್ಲಿ ನಿಜವಾದ ಮತಾಂತರ ಆಗದ ಮಾತು ಎಂದುಬಿಟ್ಟರು. ಇಪ್ಪತ್ತೈದು ವರ್ಷದಲ್ಲಿ ತಾವು ಕ್ರೈಸ್ತರಾಗಿಸಿದ್ದು 200–300 ಮಂದಿಯನ್ನು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಇಲ್ಲವೇ ಭಿಕ್ಷುಕರು ಎಂದು ಲೆಕ್ಕ ಕೊಟ್ಟರು. ಪ್ರಾಟೆಸ್ಟೆಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ಲೆಕ್ಕ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು. ಮೇಲುಜಾತಿಯವರು ಬಂದರೆ ಗೆಲುವು, ಬಡವರು ಬಂದರೆ ಸೋಲು ಎಂಬ ಅಳತೆಗೋಲನ್ನು ಹಿಡಿದೇ ಅವರು ಎಣಿಸಿದ್ದರು. ಹೊಟ್ಟೆಪಾಡಿಗೆ ಬಂದವರು ಹೊಟ್ಟೆ ತುಂಬಿದ ಮೇಲೆ ಬಿಟ್ಟುಹೋಗಬೇಕಿತ್ತು. ಹಾಗಾಗಲಿಲ್ಲ. ನೆಲೆ ಹಾಕಿದವರೇ ಭರವಸೆ ಕಳೆದುಕೊಂಡು ಪ್ಯಾರಿಸ್ಸಿಗೆ ಮರಳಿ, 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಇತ್ತ ಹಾಸನದ ಸುತ್ತ ಚರ್ಚುಗಳು ಏಳುತ್ತ ಹೋದವು. ದಾನದ ಅಕ್ಕಿ ಒಂದು ಹೊತ್ತಿಗೆ ಸಾಕು. ಉತ್ತ ನೆಲ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಒಂದೇ ಊರಿನಲ್ಲಿ ನಿಲ್ಲಿಸುತ್ತದೆ. ಮದುವೆ, ದೀಕ್ಷಾಸ್ನಾನ, ಸಾವು ಎಲ್ಲವೂ ಒಂದೇ ಗಂಟೆಯ ಸದ್ದಿನೊಳಗೆ ನಡೆಯುವಷ್ಟು ಕಾಲ ಜನ ಕೂಡಿ ಬಾಳಿದರೆ, ಮೊದಲು ಯಾಕೆ ಬಂದರೆಂಬ ಪ್ರಶ್ನೆಯ ಮೊನಚು ಹೋಗುತ್ತದೆ.

ಶೆಟ್ಟಿಹಳ್ಳಿ ಖಾಲಿಯಾದದ್ದೂ ನೆಲದ ಕಾರಣಕ್ಕೇ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದಿಂದ ಕನ್ನಡಿಗರಿಗೆ ಪರಿಚಿತವಾದ ಹೇಮಾವತಿ ದಂಡೆಯ ಹಲವು ಹಳ್ಳಿಗಳು, 1979ರಲ್ಲಿ ಮುಗಿದ ಅಣೆಕಟ್ಟಿಗೆ ಬಲಿಯಾದವು. ಎಲ್ಲ ಜಾತಿ-ಮತದವರೂ ಗಂಟುಮೂಟೆ ಕಟ್ಟಿದರು. ಕ್ರೈಸ್ತರು ಬೇರೆಡೆ ನೆಲೆಸಿದರು. ಗೋಡೆಯನ್ನು ಹೊತ್ತೊಯ್ಯಲು ಆಗುವುದಿಲ್ಲವಲ್ಲ, ಅದು ಅಲ್ಲೇ ಉಳಿಯಿತು. ಇದನ್ನು ಉಳಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ನ್ಯಾಯವಾದ ಕೂಗೇ. ಆದರೆ ಉಳಿಸುವವರು ಅಲ್ಲಿ ಫಲಕವೊಂದನ್ನು ನೆಡುವುದಾದರೆ, ತೋಟದ ದೊರೆಗಳಿಗಿಂತ ಮೊದಲು ಸತ್ತಿಹಳ್ಳಿಯ ಒಕ್ಕಲುಗಳ ಹೆಸರು ಬರಲಿ.