ಒಂಬತ್ತು ಮನೆ, ಹನ್ನೆರಡು ಗಡಿ

ಹನ್ನೆರಡು. ಬರೀ ಹನ್ನೆರಡು!

ರಾತ್ರಿ ಹನ್ನೊಂದೂವರೆ ಗಂಟೆಗೆ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚೌಕ ಬರೆದುಕೊಂಡು, ಒಂದು ಚೌಕ ಇನ್ನೊಂದಕ್ಕೆ ತಾಗುವ ಜಾಗಕ್ಕೆಲ್ಲ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತ ಹೋದೆ. ಅಕ್ಕಪಕ್ಕ ತಾಗುವುದು ಆರು ಕಡೆ, ಮೇಲೆ ಕೆಳಗೆ ತಾಗುವುದು ಆರು ಕಡೆ. ಮತ್ತೆ ಎಣಿಸಿದೆ. ಅಷ್ಟೇ. ವಾರಗಟ್ಟಲೆ ನನ್ನ ನಿದ್ದೆ ಕದ್ದ ಆಟದಲ್ಲಿ ಜಗಳ ನಡೆಯುವುದಕ್ಕೆ ಇರುವ ಗಡಿಗಳು ಹನ್ನೆರಡೇ! ಇಷ್ಟು ಪುಟ್ಟ ಜಾಗದಲ್ಲಿ ಅಷ್ಟೊಂದು ಸೋಲು, ಅಷ್ಟೊಂದು ಸಂಚು ಹೇಗೆ ಹಿಡಿಸಿತು ಎಂದು ಹಾಳೆಯನ್ನೇ ನೋಡುತ್ತ ಕೂತುಬಿಟ್ಟೆ.

ಆಟದ ಹೆಸರು ಟ್ರಿಪಲ್ ಟ್ರಯಾಡ್. ಅದು ಇರುವುದು ಇನ್ನೊಂದು ಆಟದ ಹೊಟ್ಟೆಯೊಳಗೆ. ಜಪಾನಿನ ಸ್ಕ್ವೇರ್ ಕಂಪನಿ 1999ರ ಫೆಬ್ರವರಿ 11ರಂದು ಪ್ಲೇಸ್ಟೇಷನ್‌ಗೆ ತಂದ 'ಫೈನಲ್ ಫ್ಯಾಂಟಸಿ 8' ಎಂಬ ದೊಡ್ಡ ಕಥೆಯಾಟದಲ್ಲಿ, ಬಲಾಂಬ್ ಗಾರ್ಡನ್ ಎಂಬ ಸೈನಿಕ ವಿದ್ಯಾಲಯದ ಎರಡನೇ ಮಹಡಿಯ ಪಡಸಾಲೆಯಲ್ಲಿ ಒಬ್ಬ ನಿಂತಿರುತ್ತಾನೆ. ಕಥಾನಾಯಕ ಸ್ಕ್ವಾಲ್ ಹತ್ತಿರ ಹೋಗಿ ಮಾತಾಡಿಸಿದರೆ ಏಳು ಎಲೆ, ಅಂದರೆ ಕಾರ್ಡು, ಕೊಡುತ್ತಾನೆ. ಅಷ್ಟು ಸಾಕು. ಅಲ್ಲಿಂದಾಚೆಗೆ ಕಾರಿಡಾರಿನಲ್ಲಿ ಓಡಾಡುವ ವಿದ್ಯಾರ್ಥಿ, ಊರಿನ ಮುದುಕ, ಗೆಳೆಯನ ತಾಯಿ, ಸೇನಾಧಿಪತಿ, ಯಾರ ಮುಂದೆ ಬೇಕಾದರೂ ನಿಂತು ಚೌಕದ ಗುಂಡಿ ಒತ್ತಿ ಆಟಕ್ಕೆ ಕರೆಯಬಹುದು. ಲೋಕ ಮುಳುಗುತ್ತಿದ್ದರೂ ಅವರು ಎಲೆ ತೆಗೆದು ಕೂತುಬಿಡುತ್ತಾರೆ!

ಆಟ ಕಲಿಯಲು ಎರಡು ನಿಮಿಷ ಸಾಕು. ಒಬ್ಬೊಬ್ಬರಿಗೆ ಐದೈದು ಎಲೆ. ಪ್ರತಿ ಎಲೆಯ ನಾಲ್ಕು ಮಗ್ಗುಲಿಗೆ ನಾಲ್ಕು ಅಂಕಿ, ಒಂದರಿಂದ ಒಂಬತ್ತರವರೆಗೆ, ಅದಕ್ಕೂ ಮೇಲೆ ಹತ್ತರ ಬದಲಿಗೆ 'ಎ' ಎಂಬ ಅಕ್ಷರ. ಸರದಿಯಂತೆ ಖಾಲಿ ಮನೆಯಲ್ಲಿ ಎಲೆ ಇಡಬೇಕು. (ಚೌಕಾಬಾರ ಆಡಿ ಬೆಳೆದ ನನಗೆ ಚೌಕವನ್ನು ಮನೆ ಎಂದೇ ಕರೆದು ರೂಢಿ.) ನನ್ನ ಎಲೆಯ ಅಂಕಿ ಪಕ್ಕದ ಎಲೆಯ ಅಂಕಿಗಿಂತ ದೊಡ್ಡದಾದರೆ ಅದು ಬಣ್ಣ ಬದಲಿಸಿ ನನ್ನದಾಗುತ್ತದೆ. ಒಂಬತ್ತು ಮನೆ ತುಂಬಿದ ಮೇಲೆ ಯಾರ ಬಣ್ಣ ಹೆಚ್ಚೋ ಅವರು ಗೆದ್ದರು, ಗೆದ್ದವರಿಗೆ ಎದುರಾಳಿಯ ಎಲೆ.

ಮೊದಲ ವಾರಗಳಲ್ಲಿ ನಾನು ಎಲೆಯ ಅಂಕಿ ಮಾತ್ರ ನೋಡುತ್ತಿದ್ದೆ. ಗಡಿ ಎಣಿಸಿದ ರಾತ್ರಿಯ ನಂತರ ಮನೆಗಳನ್ನು ನೋಡಲು ಕಲಿತೆ. ನಡುಮನೆಗೆ ನಾಲ್ಕೂ ಕಡೆ ಬಾಗಿಲು, ಯಾರು ಎಲ್ಲಿಂದಲಾದರೂ ನುಗ್ಗಬಹುದು. ಬದಿಯ ಮನೆಗೆ ಮೂರು. ಮೂಲೆಮನೆಗೆ ಎರಡೇ ಬಾಗಿಲು, ಉಳಿದೆರಡು ಕಡೆ ಗೋಡೆ. ಈಗ ಇಫ್ರಿಟ್ ಎಂಬ ಬೆಂಕಿದೈತ್ಯನ ಎಲೆ ನೋಡಿ. ಮೇಲೆ 9, ಬಲಕ್ಕೆ 6, ಕೆಳಗೆ 2, ಎಡಕ್ಕೆ 8. ಆ 2 ಇದೆಯಲ್ಲ, ಮರ್ಮಸ್ಥಾನ! ನಡುಮನೆಯಲ್ಲಿ ಇಟ್ಟರೆ ಎಂಥ ಬಡಪಾಯಿ ಎಲೆಯೂ ಕೆಳಗಿನಿಂದ ಬಂದು ಅವನನ್ನು ಹೊತ್ತೊಯ್ಯುತ್ತದೆ. ಅದೇ ಬಲಗಡೆಯ ಕೆಳಮೂಲೆಗೆ ಕೊಂಡೊಯ್ದು ಕೂರಿಸಿ. 2 ಗೋಡೆಗೆ ಮುಖ ಮಾಡಿತು, 6 ಕೂಡ ಗೋಡೆಗೆ. ಹೊರಗೆ ಕಾಣುವುದು 9 ಮತ್ತು 8 ಮಾತ್ರ. ಕ್ಷಣದಲ್ಲಿ ಅದೇ ಎಲೆ ಕೋಟೆಯಾಯಿತು! ಕ್ವಿಸ್ಟಿಸ್ ಎಂಬ ಅಧ್ಯಾಪಕಿಯ ಎಲೆಗೆ ಮೇಲೆ 9, ಬಲಕ್ಕೆ 6, ಕೆಳಗೆ ಎ, ಎಡಕ್ಕೆ ಮಾತ್ರ 2. ಹಾಗಾಗಿ ಅವಳ ತಾವು ಎಡಸಾಲಿನ ನಡುವೆ. ಪ್ರತಿ ಎಲೆಗೂ ತನ್ನ ನೋವನ್ನು ಮರೆಸಿಟ್ಟುಕೊಳ್ಳುವ ಒಂದು ಮನೆ ಇದೆ. ಅದನ್ನು ಹುಡುಕಿಕೊಡುವುದೇ ಆಡುವವರ ಕೆಲಸ ಎಂದು ಹೊಳೆದಾಗ ಮೈ ಜುಮ್ಮೆಂದಿತು.

ಎಷ್ಟು ಬಗೆಯ ಆಟ ಸಾಧ್ಯ? ಅದನ್ನೂ ಲೆಕ್ಕ ಹಾಕದೆ ಇರಲಾಗಲಿಲ್ಲ. ಒಂಬತ್ತು ಮನೆ ತುಂಬುವ ಕ್ರಮಗಳೇ 3,62,880. ಮೊದಲು ಆಡುವವರು ಐದು ಎಲೆಗಳನ್ನು ಇಳಿಸುವ ಕ್ರಮ 120, ಎರಡನೆಯವರು ಐದರಲ್ಲಿ ನಾಲ್ಕನ್ನು ಇಳಿಸುವ ಕ್ರಮವೂ 120. ಮೂರನ್ನೂ ಗುಣಿಸಿದರೆ 522 ಕೋಟಿ 54 ಲಕ್ಷ 72 ಸಾವಿರ! ಇದು ಒಂದೇ ಜೋಡಿ ಕೈಗೆ, ಅಂದರೆ ನನ್ನ ಐದು, ಅವರ ಐದು ಎಲೆ ಯಾವುವೆಂದು ಗೊತ್ತಾದ ಮೇಲೆ. ಆಟದಲ್ಲಿ ಇರುವ ಎಲೆಗಳೋ ಒಟ್ಟು 110.

ಆ ಲೆಕ್ಕದೊಳಗೆ ಇನ್ನೊಂದು ಸೊಗಸು ಅಡಗಿದೆ. ಯಾರು ಮೊದಲು ಎಂದು ಪರದೆಯ ಮೇಲೆ ತಿರುಗುವ ಬಾಣವೊಂದು ನಿರ್ಧರಿಸುತ್ತದೆ. ಮೊದಲು ಆಡುವವರು ಐದು ಎಲೆ ಇಡುತ್ತಾರೆ, ಕೊನೆಯ ಎಲೆಯೂ ಅವರದೇ. ಕೊನೆಯ ಎಲೆಯನ್ನು ಯಾರೂ ಕೀಳಲಾರರು. ಇದು ಅನ್ಯಾಯ ಎಂದುಕೊಂಡಿದ್ದೆ. ಆದರೆ ಎರಡನೆಯವರ ಕೈಯಲ್ಲಿ ಇಡದೆ ಉಳಿದ ಒಂದು ಎಲೆ ಇರುತ್ತದಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ! ಅದನ್ನೂ ಯಾರೂ ಮುಟ್ಟಲಾರರು. ಎಷ್ಟು ಅಚ್ಚುಕಟ್ಟಾಗಿ ತಕ್ಕಡಿ ತೂಗಿದ್ದಾರೆ ನೋಡಿ.

ಬಲಾಂಬ್ ಸೀಮೆಯಲ್ಲಿ ನಡೆಯುವುದು 'ಓಪನ್' ನಿಯಮ. ಇಬ್ಬರ ಎಲೆಗಳೂ ಮುಖ ಮೇಲಾಗಿ ಬಿದ್ದಿರುತ್ತವೆ. ಕಂಪ್ಯೂಟರಿನ ಕೈಯಲ್ಲಿ ಏನಿದೆ ಎಂದು ಕಾಣುವಾಗ ಮುಂದಿನ ಎರಡು ನಡೆ ಯೋಚಿಸಿದರೆ ಸಾಕು, ಗೆಲುವು ತಾನಾಗಿ ಬರುತ್ತದೆ. ಹಾಗೆ ಗೆದ್ದು ಗೆದ್ದು ನಾನು ಸಮುದ್ರ ದಾಟಿ ಗಾಲ್ಬಾಡಿಯಾಕ್ಕೆ ಹೋದೆ. ಅಲ್ಲಿ ಪಾಠ ಕಾದಿತ್ತು.

ಗಾಲ್ಬಾಡಿಯಾದವರದು 'ಸೇಮ್'. ಇಟ್ಟ ಎಲೆಯ ಎರಡು ಮಗ್ಗುಲಿನ ಅಂಕಿಗಳು ತಮಗೆ ತಾಗಿದ ಅಂಕಿಗಳಿಗೆ ಸರಿಸಮವಾದರೆ, ದೊಡ್ಡದು ಚಿಕ್ಕದು ಎಂಬ ಮಾತೇ ಇಲ್ಲ, ಆ ಎರಡೂ ಎಲೆ ನಮ್ಮವು. ಟ್ರೇಬಿಯಾ ಮತ್ತು ಸೆಂಟ್ರಾದಲ್ಲಿ 'ಪ್ಲಸ್'. ಇದು ಕೂಡುವ ಲೆಕ್ಕ. ಇದರ ಬೆರಗು ತಿಳಿಯಬೇಕಾದರೆ ನೀವೂ ಒಂದು ಹಾಳೆ ತೆಗೆದುಕೊಳ್ಳಿ, ದಯವಿಟ್ಟು. ಎದುರಾಳಿಗೆ ಮೂರು ಘಟಾನುಘಟಿ ಎಲೆಗಳನ್ನು ಕೊಟ್ಟುಬಿಡಿ. ಎಡಗಡೆಯ ಮೇಲ್ಮೂಲೆಯಲ್ಲಿ ಸ್ಕ್ವಾಲ್, ಅವನ ಕೆಳಮಗ್ಗುಲಲ್ಲಿ 6. ಮೇಲಿನ ಸಾಲಿನ ನಡುವೆ ಕ್ವಿಸ್ಟಿಸ್, ಅವಳ ಕೆಳಮಗ್ಗುಲಲ್ಲಿ ಎ, ಅಂದರೆ 10. ಎಡಸಾಲಿನ ನಡುವೆ ಇಫ್ರಿಟ್, ಅವನ ಬಲಕ್ಕೆ 6. ಈಗ ನನ್ನ ಕೈಯಲ್ಲಿ ಉಳಿದಿರುವುದು ಗೀಜಾರ್ಡ್, ಮೊದಲ ಮೆಟ್ಟಿಲಿನ ಎಲೆ. ಮೇಲೆ 1, ಬಲಕ್ಕೆ 4, ಕೆಳಗೆ 1, ಎಡಕ್ಕೆ 5. ಇದನ್ನು ನಡುಮನೆಯಲ್ಲಿ ಇಡುತ್ತೇನೆ.

ಮೇಲೆ 1 ಮತ್ತು 10 ಸೇರಿ 11. ಎಡಕ್ಕೆ 5 ಮತ್ತು 6 ಸೇರಿ 11.

ಎರಡು ಕಡೆಯ ಮೊತ್ತ ಒಂದೇ! ಕ್ವಿಸ್ಟಿಸ್ ಮಗುಚಿದಳು, ಇಫ್ರಿಟ್ ಮಗುಚಿದ. ಅಷ್ಟಕ್ಕೇ ನಿಲ್ಲಲಿಲ್ಲ. ಹೀಗೆ ಮಗುಚಿದ ಎಲೆ ತಾನೂ ಹೊಸದಾಗಿ ಇಟ್ಟಂತೆ ಅಕ್ಕಪಕ್ಕದವರ ಮೇಲೆ ಬೀಳುತ್ತದೆ, ಅದಕ್ಕೆ 'ಕಾಂಬೊ' ಎನ್ನುತ್ತಾರೆ. ನನ್ನವನಾದ ಇಫ್ರಿಟ್‌ನ ತಲೆಯ ಮೇಲಿನ 9, ಸ್ಕ್ವಾಲ್‌ನ ಕಾಲ ಕೆಳಗಿನ 6ಕ್ಕೆ ಎದುರಾಯಿತು. ಸ್ಕ್ವಾಲ್ ಕೂಡ ಬಿದ್ದ! ಆಟದ ಅತಿ ದುರ್ಬಲ ಎಲೆಗಳಲ್ಲೊಂದು ಒಂದೇ ಏಟಿಗೆ ಮೂವರು ಮಹಾರಥಿಗಳನ್ನು ಎಬ್ಬಿಸಿಕೊಂಡು ಬಂತು. ಇದನ್ನು ಮೊದಲ ಸಲ ಹಾಳೆಯ ಮೇಲೆ ಬಿಡಿಸಿ ನೋಡಿದಾಗ ನಾನು ಎದ್ದು ನಿಂತಿದ್ದೆ.

ಆದರೆ ಈ ಅಸ್ತ್ರ ಎರಡೂ ಕಡೆಯವರದು. ಕೂಡುವುದರಲ್ಲಿ ಕಂಪ್ಯೂಟರನ್ನು ಮೀರಿಸುವವರು ಯಾರು? ಓಪನ್ ಇಲ್ಲದ ಕಡೆ ಅದರ ಎಲೆ ನಮಗೆ ಕಾಣುವುದೂ ಇಲ್ಲ. ಡಾಲೆಟ್ಟಿನಲ್ಲಂತೂ 'ರ್‍ಯಾಂಡಮ್'. ನಾವು ಕೂಡಿಟ್ಟ ರಾಶಿಯಿಂದ ಐದು ಎಲೆಗಳನ್ನು ಆಟವೇ ಕಣ್ಣುಮುಚ್ಚಿ ಎತ್ತಿಕೊಡುತ್ತದೆ. ಜೋಪಾನವಾಗಿ ಆರಿಸಿಟ್ಟ ಕೈ ಹೋಯಿತು, ಬಂದದ್ದು ಗೀಜಾರ್ಡ್‌ಗಳ ಹಿಂಡು! ಇದಕ್ಕೆ ಮದ್ದು ಹುಡುಕಿದಾಗ ಸಿಕ್ಕಿದ್ದು ಕೂಡಿಡುವುದಕ್ಕೆ ತದ್ವಿರುದ್ಧವಾದ ಕೆಲಸ. ಕ್ವೆಜಕೋಟ್ಲ್ ಎಂಬ ಮಿಂಚಿನ ಹಕ್ಕಿ ಕಲಿಸುವ ವಿದ್ಯೆಯೊಂದಿದೆ, ಎಲೆಗಳನ್ನು ಕರಗಿಸಿ ವಸ್ತುಗಳಾಗಿಸುವುದು. ಬಡ ಎಲೆಗಳನ್ನೆಲ್ಲ ಕರಗಿಸಿಬಿಟ್ಟರೆ ರಾಶಿಯಲ್ಲಿ ಉಳಿಯುವುದು ಗಟ್ಟಿಯಾದವೇ. ಆಗ ಕಣ್ಣುಮುಚ್ಚಿ ಎತ್ತಿದರೂ ಒಳ್ಳೆಯ ಕೈ ಬರುತ್ತದೆ. ಕರಗಿಸಿದ್ದರ ಬೆಲೆಯೂ ಸಣ್ಣದಲ್ಲ. ಲಗೂನಾ ಎಂಬಾತನ ಒಂದೇ ಎಲೆ, ಸ್ವಲ್ಪ ಹೊತ್ತು ಯಾವ ಪೆಟ್ಟೂ ತಾಗದಂತೆ ಕಾಯುವ 'ಹೀರೋ' ಎಂಬ 100 ಔಷಧಿಗಳಾಗುತ್ತದೆ. ಈ ಎಲೆಯಾಟದಲ್ಲಿ ಪಳಗಿದವರು ದೊಡ್ಡ ಕಥೆಯ ಕಾಳಗಗಳನ್ನೇ ಹಗುರ ಮಾಡಿಕೊಳ್ಳುತ್ತಾರೆ.

ಇನ್ನು ನನ್ನನ್ನು ಅಲ್ಲಾಡಿಸಿದ ಸಂಗತಿಗೆ ಬರುತ್ತೇನೆ. ಸುಲಭ, ಕಷ್ಟ ಎಂದು ಆರಿಸಿಕೊಳ್ಳುವ ಗುಂಡಿ ಈ ಆಟದಲ್ಲಿಲ್ಲ. ಕಷ್ಟ ಊರುಗಳಲ್ಲಿ ಹರಡಿಕೊಂಡಿದೆ. ಒಂದೊಂದು ಸೀಮೆಗೂ ಅದರದೇ ನಿಯಮ, ನಮ್ಮಲ್ಲಿ ಹನ್ನೆರಡು ಹರದಾರಿಗೆ ಮಾತು ಬದಲಾಗುವಂತೆ. ಆ ನಿಯಮಗಳು ಇದ್ದಲ್ಲೇ ಇರುವುದಿಲ್ಲ! ಒಂದು ಸೀಮೆಯಲ್ಲಿ ಆಡಿ ಇನ್ನೊಂದಕ್ಕೆ ಹೋಗಿ ಆಟಕ್ಕೆ ಕರೆದರೆ, ಅಲ್ಲಿಯವರು ನಮ್ಮೂರಿನ ನಿಯಮವನ್ನೂ ನಿಮ್ಮ ನಿಯಮವನ್ನೂ ಸೇರಿಸಿ ಆಡೋಣವೇ ಎಂದು ಕೇಳುತ್ತಾರೆ. ಹೂಂ ಎಂದು ಆಡಿದರೆ ಕೆಲವೊಮ್ಮೆ ಹೊಸ ನಿಯಮ ಆ ನೆಲದಲ್ಲಿ ಬೇರೂರುತ್ತದೆ, ಕೆಲವೊಮ್ಮೆ ಅಲ್ಲಿದ್ದ ಹಳೆಯದೊಂದು ಅಳಿಸಿಹೋಗುತ್ತದೆ. ಅಂದರೆ ರ್‍ಯಾಂಡಮ್ ಎಂಬ ಪೀಡೆಯನ್ನು ಬಲಾಂಬ್‌ಗೆ ಹೊತ್ತು ತಂದದ್ದು ಯಾರು? ನಾನೇ! ನನ್ನ ಕಾಲಿಗೆ ಅಂಟಿದ ಧೂಳಿನ ಹಾಗೆ ಅದು ಊರಿಂದೂರಿಗೆ ಬಂದಿತ್ತು. ಯಾವ ಎದುರಾಳಿಯ ಜಾಣ್ಮೆಯೂ ನನ್ನ ಮೇಲೆ ಹೊರಿಸದಷ್ಟು ಕಷ್ಟವನ್ನು ನಾನೇ ನಡೆದಾಡಿ ಬಿತ್ತಿದ್ದೆ.

ಅದು ತಿಳಿದ ಮೇಲೆ ಇಡೀ ಭೂಪಟವೇ ಬೇರೆಯಾಗಿ ಕಾಣತೊಡಗಿತು. ಬಾಹ್ಯಾಕಾಶದ ಚಂದ್ರನೆಲೆಯಲ್ಲಿ ಎಲ್ಲೋನ್ ಎಂಬ ಹುಡುಗಿಯ ಕೈಯಲ್ಲಿ ಆ ಲಗೂನಾ ಎಲೆ ಇದೆ. ಅದಕ್ಕಾಗಿ ಆಡದಿರಲಾಗದು. ಆದರೆ ಅಲ್ಲಿ ಏಳು ನಿಯಮಗಳೂ ಒಟ್ಟಿಗೆ ನಡೆಯುತ್ತವೆ! ಅಲ್ಲಿಂದ ಇಳಿದು ಬಂದವರು ಎಸ್ತಾರ್ ಸೀಮೆಯಲ್ಲಿ ಮೈಮರೆತು ಹೂಂ ಎಂದರೆ ಆ ನಿಯಮಗಳು ಕೆಳಗಿಳಿಯಬಹುದು. ಎಸ್ತಾರ್‌ನಲ್ಲೋ ಗೆದ್ದವರು ಐದೂ ಎಲೆ ಬಾಚಿಕೊಳ್ಳುವ ಪದ್ಧತಿ. ಬೇಡ ಎಂದು ನಿರಾಕರಿಸುವುದು, ಮತ್ತೆ ಕೇಳುವುದು, ಮತ್ತೆ ಬೇಡ ಎನ್ನುವುದು, ಸ್ಥಳೀಯ ನಿಯಮ ಒಂದೇ ಉಳಿಯುವ ತನಕ ಕಾಯುವುದು. ಎಲೆ ಕೈಗೆ ಬರುವ ಮೊದಲೇ ಆಟದ ಅರ್ಧ ಭಾಗ ಮುಗಿದಿರುತ್ತದೆ.

ಸೋಲನ್ನೂ ಇಲ್ಲಿ ಬಿತ್ತಬಹುದು. ಎಲೆರಾಣಿ ಎಂಬ ಹೆಂಗಸೊಬ್ಬಳು ಊರೂರು ಅಲೆಯುತ್ತಾಳೆ. ಮಿನಿಮಾಗ್ ಎಂಬ ಅಪರೂಪದ ಎಲೆಯನ್ನು ಬೇಕೆಂದೇ ಅವಳಿಗೆ ಸೋತರೆ, ಡಾಲೆಟ್ಟಿನಲ್ಲಿರುವ ಅವಳ ಚಿತ್ರಕಾರ ತಂದೆ ಅದರಿಂದ ಸ್ಫೂರ್ತಿಗೊಂಡು ಕೀರೋಸ್ ಎಂಬ ಹೊಸ ಎಲೆ ಬರೆಯುತ್ತಾನೆ. ಕಳೆದುಕೊಳ್ಳದೆ ಹೋದರೆ ಆ ಎಲೆ ಲೋಕಕ್ಕೇ ಬರುವುದಿಲ್ಲ! ಡೆಲಿಂಗ್ ಸಿಟಿಯ ಜನರಲ್ ಕ್ಯಾರವೇಯ ಮಗಳು ರಿನೋವಾಳ ಎಲೆಯೂ ಹಾಗೆಯೇ. ಅವನಿಗೆ ಮೊದಲು ಇಫ್ರಿಟ್‌ನನ್ನು ಒಪ್ಪಿಸಬೇಕು, ಆಮೇಲೆ ಅವನು ಮಗಳ ಎಲೆ ಹಿಡಿದು ಕೂರುತ್ತಾನೆ. ನಾನು ಇಫ್ರಿಟ್‌ನನ್ನು ನಡುಮನೆಯಲ್ಲಿ ಇಟ್ಟೆ, 2 ಕಾಣುವ ಹಾಗೆ. ಮೊದಲ ದಿನದಿಂದ ಜೊತೆಗಿದ್ದ ಎಲೆ ಬಣ್ಣ ಬದಲಿಸಿದಾಗ ಎದೆ ಹಿಂಡಿತು. ಆ ಸಂಜೆಯೇ ರಿನೋವಾ ಬಂದಳು.

ಅದಾದ ಎಷ್ಟೋ ದಿನಗಳ ಮೇಲೆ ಕಡಲ ನಡುವಿನ ಫಿಶರ್‌ಮನ್ಸ್ ಹೊರೈಜನ್ ಎಂಬ ಊರಿಗೆ ಹೋದೆ. ಪದವಿ ಕಳೆದುಕೊಂಡ ಮಾರ್ಟೀನ್ ಎಂಬ ಮುಖ್ಯೋಪಾಧ್ಯಾಯ ಅಲ್ಲಿ ಒಂಟಿಯಾಗಿದ್ದ. ಅವನ ಎಲೆಗಳೆಲ್ಲ ಬೋರಲು. ಬಾಣ ಅವನ ಕಡೆ ನಿಂತಿತು. ಅವನು ಮೊದಲ ಎಲೆಯನ್ನು ಬಲಗಡೆಯ ಕೆಳಮೂಲೆಗೆ ಇಟ್ಟ. ತಿರುಗಿದ ಎಲೆಯ ಮೇಲೆ 9, ಎಡಕ್ಕೆ 8, ಗೋಡೆಗೆ ಆತುಕೊಂಡ 2. ಇಫ್ರಿಟ್! ನಾನು ಎಷ್ಟು ಸಲ ಕೂರಿಸಿದ್ದೆನೋ ಅದೇ ಮನೆಯಲ್ಲಿ! ಅದರ ಮೇಲಿನ ಮನೆ ಖಾಲಿ ಇತ್ತು. ನನ್ನ ಕೈಯಲ್ಲಿ ಕ್ವಿಸ್ಟಿಸ್ ಇದ್ದಳು, ಕೆಳಮಗ್ಗುಲಲ್ಲಿ ಎ ಹೊತ್ತು. ಹನ್ನೆರಡರಲ್ಲಿ ಒಂದೇ ಒಂದು ಗಡಿ. ಎಲೆ ಇಳಿಸಿದೆ, ಇಫ್ರಿಟ್ ನೀಲಿಗೆ ತಿರುಗಿದ.