ವೃತ್ತದಲ್ಲಿ ಮಲಗಿದವರು

ಕೆನಡಾದ ಪಶ್ಚಿಮ ಅಂಚಿನಲ್ಲಿ, ವ್ಯಾಂಕೂವರ್ ದ್ವೀಪದ ಪೂರ್ವ ಕರಾವಳಿಗೆ ಒತ್ತಿಕೊಂಡು ನನೈಮೊ ಎಂಬ ಬಂದರು ಊರಿದೆ. ಹಿಂದೆ ಕಲ್ಲಿದ್ದಲ ಗಣಿಗಳಿಂದ ಬದುಕಿದ್ದ ಊರು. ಈಗ ಜಾರ್ಜಿಯಾ ಜಲಸಂಧಿಯನ್ನು ದಾಟಿ ಬರುವ ಫೆರ್ರಿಗಳು ಇಲ್ಲಿ ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಗುತ್ತವೆ. ಬೆನ್ನಿಗೆ ಸೀಡರ್, ಫರ್ ಮರಗಳ ದಟ್ಟ ಕಾಡು. ಚಳಿಗಾಲ ಬಂತೆಂದರೆ ಜಿಟಿಜಿಟಿ ಮಳೆ. ಇದು ಸ್ನುನೈಮುಖ್ ಮೂಲನಿವಾಸಿಗಳ ನೆಲ. ಇಲ್ಲಿನ ವ್ಯಾಂಕೂವರ್ ಐಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಕಲಿಸುವ ಶ್ಯಾನನ್ ಡೇಮ್ಸ್ ಮತ್ತು ಅವರ ಸಂಗಡಿಗರು ಖಿನ್ನತೆ, ಆಘಾತದಿಂದ ನೊಂದವರಿಗಾಗಿ ‘ರೂಟ್ಸ್ ಟು ಥ್ರೈವ್’ ಎಂಬ ಕಾರ್ಯಕ್ರಮ ಕಟ್ಟಿದರು. ಹನ್ನೆರಡು ವಾರಗಳ ಒಡನಾಟ, ನಡುವೆ ಮೂರು ಬಾರಿ ಕೆಟಮೈನ್ ಎಂಬ ಮದ್ದು. ಮದ್ದು ತೆಗೆದುಕೊಳ್ಳುವುದೂ ಗುಂಪಿನಲ್ಲಿ, ಮಾತಾಡುವುದೂ ಗುಂಪಿನಲ್ಲಿ.

ಮೊದಮೊದಲು ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಬೇರೆಯವರ ಜೀವ ಕಾಯುವವರೇ. ನರ್ಸ್‌ಗಳು, ವೈದ್ಯರು, ಅಪಘಾತದ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡುವವರು. ಕಂಡ ಸಾವುಗಳನ್ನು ಮನೆಗೆ ಹೊತ್ತುಕೊಂಡು ಹೋಗಿ, ಯಾರಿಗೂ ಹೇಳದೆ ನಿದ್ದೆಗೆಟ್ಟವರು. ರೋಗಿಯ ಕೈ ಹಿಡಿದು ಧೈರ್ಯ ಹೇಳುವುದು ಅವರಿಗೆ ಗೊತ್ತು. ತಾವೇ ರೋಗಿಯಾಗಿ ಕೈ ಚಾಚುವುದು ಗೊತ್ತಿಲ್ಲ.

ಮದ್ದಿನ ದಿನದ ಕೋಣೆಯನ್ನು ಕಣ್ಣಮುಂದೆ ತಂದುಕೊಳ್ಳಿ. ನೆಲದ ಮೇಲೆ ವೃತ್ತಾಕಾರವಾಗಿ ಹಾಸಿಗೆಗಳು. ಒಂದೊಂದಕ್ಕೂ ದಿಂಬು, ಹೊದಿಕೆ, ಕಣ್ಣಿಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ. ಕೆಟಮೈನ್‌ಗೆ ಓಕರಿಕೆ ತರಿಸುವ ಗುಣವಿರುವುದರಿಂದ ಎಲ್ಲರೂ ಹೊಟ್ಟೆ ಖಾಲಿ ಇಟ್ಟುಕೊಂಡೇ ಬಂದಿದ್ದಾರೆ. ಅವತ್ತು ಯಾರೂ ಕಾರು ಓಡಿಸುವಂತಿಲ್ಲ. ಮನೆಗೆ ಕರೆದೊಯ್ಯಲು ಒಬ್ಬರನ್ನು ಗೊತ್ತುಮಾಡಿರಲೇಬೇಕು. ನರ್ಸ್ ಒಬ್ಬರಾದ ಮೇಲೆ ಒಬ್ಬರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ, ಯಾಕೆಂದರೆ ಈ ಮದ್ದು ಸ್ವಲ್ಪ ಹೊತ್ತು ರಕ್ತದೊತ್ತಡ ಏರಿಸುತ್ತದೆ. ಆಮೇಲೆ ಎಲ್ಲರೂ ಕುಳಿತು, ಈ ಹೊತ್ತಿನಿಂದ ತಮಗೆ ಬೇಕಾದದ್ದೇನು ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಕೆಲವರು ಒಂದು ಮಾತಿನಲ್ಲಿ ಮುಗಿಸುತ್ತಾರೆ. ಕೆಲವರಿಗೆ ಆ ಒಂದು ಮಾತೂ ಗಂಟಲಲ್ಲೇ ಉಳಿಯುತ್ತದೆ.

ಸ್ನಾಯುವಿಗೆ ಚುಚ್ಚಿದ ಕೆಟಮೈನ್ ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ. ಕೈಕಾಲು ಎಲ್ಲಿವೆ ಎಂಬ ಅರಿವು ಮೆಲ್ಲಗೆ ಅಳಿಯುತ್ತದೆ. ಗಡಿಯಾರದ ಲೆಕ್ಕ ತಪ್ಪುತ್ತದೆ. ಮೈ ಇಲ್ಲಿ, ತಾನು ಇನ್ನೆಲ್ಲೋ ಎಂದು ಅನೇಕರಿಗೆ ಅನ್ನಿಸುತ್ತದೆ. ಕೋಣೆಯಲ್ಲಿ ಸಾಹಿತ್ಯವಿಲ್ಲದ ಸಂಗೀತ ಹರಿಯುತ್ತಿರುತ್ತದೆ. ಒಬ್ಬರು ಬಿಕ್ಕುತ್ತಾರೆ, ಇನ್ನೊಬ್ಬರು ನಗುತ್ತಾರೆ, ಮತ್ತೊಬ್ಬರ ಬೆರಳು ಗಾಳಿಯಲ್ಲಿ ಏನನ್ನೋ ತಡಕುತ್ತದೆ. ಹೆದರಿದವರ ಪಕ್ಕಕ್ಕೆ ಚಿಕಿತ್ಸಕರು ಬಂದು ಕೂರುತ್ತಾರೆ. ಮೊದಲೇ ಒಪ್ಪಿದ್ದರೆ ಮಾತ್ರ ಭುಜದ ಮೇಲೆ ಕೈ ಇಡುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಒಬ್ಬೊಬ್ಬರೇ ಮರಳುತ್ತಾರೆ. ಕಣ್ಣುಪಟ್ಟಿ ಸರಿಸಿದಾಗ ಮೊದಲು ಕಾಣುವುದು, ತಮ್ಮ ಹಾಗೆಯೇ ಎಲ್ಲಿಗೋ ಹೋಗಿ ಬಂದ ಇನ್ನೊಂದು ಮುಖ.

ಈ ಮದ್ದು ಹುಟ್ಟಿದ್ದು ಮನಸ್ಸಿಗಾಗಿ ಅಲ್ಲ. 1962ರಲ್ಲಿ ಅಮೆರಿಕದ ಪಾರ್ಕ್ ಡೇವಿಸ್ ಕಂಪನಿಗಾಗಿ ರಸಾಯನ ವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ ಇದನ್ನು ತಯಾರಿಸಿದರು. 1970ರಲ್ಲಿ ಅರಿವಳಿಕೆಯಾಗಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಬಳಕೆಯಾಯಿತು. ಉಸಿರಾಟವನ್ನು ಅಷ್ಟಾಗಿ ಕುಗ್ಗಿಸದ ಕಾರಣ, ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಿಗೂ ಇದು ಆಸರೆ. ಖಿನ್ನತೆಗೂ ಇದು ಮದ್ದಾದೀತು ಎಂದು ಯೇಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪುಟ್ಟದೊಂದು ಅಧ್ಯಯನದಿಂದ ತೋರಿಸಿದರು. 2006ರಲ್ಲಿ ಅಮೆರಿಕದ ಮನೋವೈದ್ಯ ಕಾರ್ಲೋಸ್ ಝರಾಟೆ ಅವರ ತಂಡ, ಬೇರೆ ಮದ್ದುಗಳಿಗೆ ಬಗ್ಗದ ಖಿನ್ನತೆಯ 18 ಜನರಲ್ಲಿ ಪರೀಕ್ಷೆ ನಡೆಸಿತು. ವಾರಗಟ್ಟಲೆ ಕಾಯಬೇಕಿದ್ದ ಪರಿಹಾರ ಎರಡು ಗಂಟೆಯೊಳಗೆ ಕಾಣತೊಡಗಿತ್ತು.

ಆದರೆ ಒಂದು ಬಾರಿಯ ಮದ್ದಿನ ನೆಮ್ಮದಿ ಬಹುಪಾಲು ಜನರಲ್ಲಿ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಉಳಿಯುತ್ತದೆ. ಯೇಲ್‌ನ ರೊನಾಲ್ಡ್ ಡ್ಯೂಮನ್ ಮತ್ತು ಜಾರ್ಜ್ ಅಗಜಾನಿಯನ್ ತಂಡ 2010ರಲ್ಲಿ ಇಲಿಗಳ ಮಿದುಳಿನಲ್ಲಿ ಕಂಡದ್ದು ಇಲ್ಲಿ ನೆನಪಿಗೆ ಬರುತ್ತದೆ: ಕೆಟಮೈನ್ ಕೊಟ್ಟ ಮೇಲೆ ಮಿದುಳಿನ ಮುಂಭಾಗದಲ್ಲಿ ನರಕೋಶಗಳ ನಡುವೆ ಹೊಸ ಬೆಸುಗೆಗಳು ಚಿಗುರಿದ್ದವು. ಮನುಷ್ಯರ ಮಿದುಳಲ್ಲೂ ಇಂಥದ್ದೇ ನಡೆಯುತ್ತದೆಂಬ ಭರವಸೆಯ ಮೇಲೆ ಈ ಚಿಕಿತ್ಸೆ ನಿಂತಿದೆ. ಮಳೆ ಬಿದ್ದು ನೆಲ ಹದವಾದರೆ ಸಾಲದು, ಹದ ಆರುವುದರೊಳಗೆ ಬಿತ್ತನೆ ಆಗಬೇಕು. ಮದ್ದಿನ ದಿನ ಮುಗಿದ ಮೇಲೆ ವಾರವಾರವೂ ಗುಂಪು ಮತ್ತೆ ಸೇರುವುದು ಅದಕ್ಕೇ.

ಆ ಕೂಟಗಳಲ್ಲಿ ನಡೆಯುವುದು ಬಲು ಸಾದಾ ಕೆಲಸ. ಒಬ್ಬರು ತಾವು ಕಂಡದ್ದನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಬುದ್ಧಿವಾದವಿಲ್ಲ, ತಿದ್ದುಪಡಿಯಿಲ್ಲ. ಉಳಿಸಿಕೊಳ್ಳಲಾಗದ ಒಂದು ಜೀವದ ಬಗ್ಗೆ ನರ್ಸ್ ಒಬ್ಬರು ಬಾಯಿಬಿಟ್ಟರೆ, ಅಂಥದ್ದೇ ನೆನಪಿರುವ ಇನ್ನೊಬ್ಬರು ಅದೇ ಕೋಣೆಯಲ್ಲಿರುತ್ತಾರೆ. ಖಿನ್ನತೆ ಮನುಷ್ಯನಿಗೆ ಎಡೆಬಿಡದೆ ಹೇಳುವ ಸುಳ್ಳು ಒಂದೇ: ನೀನು ಒಬ್ಬನೇ. ಆ ಸುಳ್ಳನ್ನು ಮುರಿಯಲು ಹತ್ತಿರದಲ್ಲಿ ಇನ್ನೊಬ್ಬ ಮನುಷ್ಯ ಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಗುಂಪಿನಲ್ಲಿ ಖರ್ಚೂ ಹಂಚಿಹೋಗುತ್ತದೆ. ಒಬ್ಬರಿಗೇ ತಾಸುಗಟ್ಟಲೆ ಚಿಕಿತ್ಸಕರನ್ನು ಗೊತ್ತುಮಾಡಿಕೊಳ್ಳಲಾಗದವರಿಗೂ ಬಾಗಿಲು ತೆರೆಯುತ್ತದೆ.

ಗುಂಪೆಂದರೆ ಸಾಕು, ಎಲ್ಲ ಒಳ್ಳೆಯದಾಗುತ್ತದೆ ಎಂದಲ್ಲ. 1960ರ ದಶಕದ ಕೊನೆಯಿಂದ ಮೆಕ್ಸಿಕೊ ನಗರದಲ್ಲಿ ಮನೋವೈದ್ಯ ಸಾಲ್ವಡಾರ್ ರೊಕೆ ಕೆಟಮೈನೂ ಸೇರಿ ಹಲವು ಮದ್ದುಗಳನ್ನು ಗುಂಪಿಗೆ ಕೊಟ್ಟು, ರಾತ್ರಿಯಿಡೀ ಅಬ್ಬರದ ಸದ್ದು, ಬೆಚ್ಚಿಬೀಳಿಸುವ ಚಿತ್ರಗಳ ನಡುವೆ ಕೂರಿಸುತ್ತಿದ್ದರು. ಮನಸ್ಸನ್ನು ಒಡೆದು ಕಟ್ಟಬೇಕೆಂಬುದು ಅವರ ವಾದ. ಇಂದಿನ ಕೋಣೆಗಳು ಆರಿಸಿಕೊಂಡಿರುವುದು ಅದಕ್ಕೆ ತದ್ವಿರುದ್ಧ ದಾರಿ. ಮೊದಲು ಭದ್ರತೆ, ಮೊದಲು ಪರಿಚಯ, ಆಮೇಲಷ್ಟೇ ಮದ್ದು.

ನನೈಮೊ ತಂಡ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ 94 ಜನರ ಅನುಭವವಿದೆ. ಖಿನ್ನತೆ, ಆತಂಕ, ಆಘಾತದ ನೋವು ಹೆಚ್ಚಿನವರಲ್ಲಿ ಇಳಿದಿತ್ತು. ಆದರೆ ಮದ್ದು ಪಡೆಯದ ಗುಂಪಿನೊಂದಿಗೆ ಹೋಲಿಕೆ ಅಲ್ಲಿ ಇರಲಿಲ್ಲ. ಗುಣ ಮದ್ದಿನದೆಷ್ಟು, ಒಡನಾಟದ್ದೆಷ್ಟು ಎಂದು ಬಿಡಿಸಿ ಹೇಳಲು ಇನ್ನೂ ಕಟ್ಟುನಿಟ್ಟಾದ ಪರೀಕ್ಷೆಗಳು ಬೇಕು. ಅಪಾಯಗಳಂತೂ ಸ್ಪಷ್ಟವಾಗಿವೆ. ಪದೇಪದೇ, ಹೆಚ್ಚು ಪ್ರಮಾಣದಲ್ಲಿ ಬಳಸಿದರೆ ಮೂತ್ರಕೋಶ ಕೆಡುತ್ತದೆ, ಚಟ ಹತ್ತುತ್ತದೆ. ಹತೋಟಿಗೆ ಬಾರದ ಬಿಪಿ ಇರುವವರಿಗೆ, ಚಿತ್ತವಿಕಲತೆಯ ಹಿನ್ನೆಲೆ ಇರುವವರಿಗೆ ಇದು ಸಲ್ಲದು. ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರ್‌ನಲ್ಲಿ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಸತ್ತದ್ದಕ್ಕೆ ಮುಖ್ಯ ಕಾರಣ ಕೆಟಮೈನ್ ಎಂದು ಶವಪರೀಕ್ಷೆ ಹೇಳಿತು. ಬಿಪಿ ನೋಡುವ ಕೈ, ಪಕ್ಕದಲ್ಲಿ ಕೂರುವ ಜೀವ ಇಲ್ಲದಿದ್ದರೆ ಇದೇ ಮದ್ದು ಕೊಲ್ಲಲೂ ಬಲ್ಲದು.

ಈ ಚರ್ಚೆ ಬೆಂಗಳೂರಿಗೆ ದೂರದ್ದಲ್ಲ. ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಅವರು ಖಿನ್ನತೆಗೆ ಕೆಟಮೈನ್ ಎಂಬ ವಿಷಯದ ಮೇಲೆ, ಪ್ರಮಾಣ, ಸುರಕ್ಷತೆ, ಮಿತಿಗಳನ್ನು ಬಿಡಿಸಿಟ್ಟು 2017ರಲ್ಲಿ ಬರೆದ ಲೇಖನಮಾಲೆಯನ್ನು ಜಗತ್ತಿನ ಮನೋವೈದ್ಯರು ಓದಿದ್ದಾರೆ. ನಮ್ಮ ಕಾನೂನು 2013ರಲ್ಲೇ ಈ ಮದ್ದನ್ನು ಬಿಗಿ ಕಾವಲಿನ ಶೆಡ್ಯೂಲ್ ಎಕ್ಸ್ ಪಟ್ಟಿಗೆ ಸೇರಿಸಿದೆ. ನಮ್ಮಲ್ಲೂ ಮನಸ್ಸಿಗೆ ಇದನ್ನು ಹೆಚ್ಚು ಬಳಸುವ ದಿನ ಬಂದರೆ, ಸೂಜಿ ಒಂದೇ ಬರಕೂಡದು. ಮುಂಚಿನ ವಾರಗಳ ಪರಿಚಯ, ಕಾವಲಿರುವ ನರ್ಸ್, ಅನಂತರದ ವಾರಗಳ ಮಾತುಕತೆ ಎಲ್ಲವೂ ಒಟ್ಟಿಗೇ ಬರಬೇಕು. ಒಂದು ಗಂಟೆಯ ಮದ್ದಿಗೆ ಹನ್ನೆರಡು ವಾರಗಳ ಮನುಷ್ಯರನ್ನು ಒದಗಿಸಲಾಗದ ಆಸ್ಪತ್ರೆ ಈ ಚಿಕಿತ್ಸೆಯನ್ನು ಶುರುಮಾಡದಿರುವುದೇ ಒಳಿತು. ಒದಗಿಸಬಲ್ಲ ಆಸ್ಪತ್ರೆಗೆ ಸರ್ಕಾರವೂ ಸಮಾಜವೂ ಬೆಂಬಲವಾಗಿ ನಿಲ್ಲಬೇಕು.