ತಾಯಿಯ ರಕ್ತ, ಶಿಶುವಿನ ನಾಡಿ: ಜನ್ಮಜಾತ ಹೃದಯತಡೆಯ ಕಾರಣಶೋಧನೆ

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬೀಡನ್ ಎಂಬ ಗಣಿ ಎಂಜಿನಿಯರರು ಕಂಡ ಶಾಸನವು, ‘ದೇವಾನಾಂಪ್ರಿಯ’ನೆಂಬ ಬಿರುದಿನ ಮರೆಯಲ್ಲಿದ್ದ ಅರಸನು ಅಶೋಕನೇ ಎಂಬುದನ್ನು ಹೆಸರು ಹಿಡಿದು ಸ್ಥಿರಪಡಿಸಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ನಿಜವಾದ ಕಾರಣವು ಬೇರೊಂದು ಹೆಸರಿನ ಹಿಂದೆ ಬಹುಕಾಲ ಅಡಗಿದ್ದ ಪ್ರಸಂಗಗಳುಂಟು. ಜನ್ಮಜಾತ ಹೃದಯತಡೆಯು ಅವುಗಳಲ್ಲೊಂದು.

ಗರ್ಭಸ್ಥ ಶಿಶುವಿನ ಹೃದಯವು ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160 ಸಲ ಮಿಡಿಯುತ್ತದೆ. ಮಿಡಿತದ ಸಂಕೇತವು ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟಿ, ನಡುವಣ ಸಣ್ಣದೊಂದು ಗಂಟನ್ನು ಹಾದು ಕೆಳಗಿನ ಕೋಣೆಗಳನ್ನು ಮುಟ್ಟಬೇಕು. ಆ ಗಂಟು ಕೆಟ್ಟಾಗ ಕೆಳಗಿನ ಕೋಣೆಗಳು ತಮ್ಮದೇ ನಿಧಾನಗತಿಯಲ್ಲಿ, ಸುಮಾರು 50ರಿಂದ 70 ಸಲ ಮಾತ್ರ, ಮಿಡಿಯುತ್ತವೆ.

1901ರಲ್ಲಿ ಉರುಗ್ವೆಯ ವೈದ್ಯ ಲೂಯಿಸ್ ಮಾರ್ಕಿಯೋ ಈ ರೋಗವನ್ನು ವರ್ಣಿಸಿದಾಗ, ಒಡಹುಟ್ಟಿದವರಲ್ಲಿ ಅದು ಮರುಕಳಿಸಿದ್ದನ್ನು ಕಂಡು ಕುಲಗತವೆಂದೇ ಭಾವಿಸಿದರು. 1928ರಲ್ಲಿ ಆಯ್ಲ್‌ವರ್ಡ್ ಎಂಬವರು ಇಂತಹ ಎರಡು ಮಕ್ಕಳ ತಾಯಿಗೆ ಲಾಲಾಗ್ರಂಥಿ ಹಾಗೂ ಕಣ್ಣೀರಿನ ಗ್ರಂಥಿಗಳ ಊತವಿದ್ದುದನ್ನು ವರದಿ ಮಾಡಿದರು. ಸುಳಿವು ದೊರೆತಿತ್ತು, ಓದುವವರಿರಲಿಲ್ಲ. 1980ರ ದಶಕದಲ್ಲಿಯೇ ವಿಷಯವು ಸ್ಪಷ್ಟವಾಯಿತು: ತಾಯಿಯ ರಕ್ತದಲ್ಲಿನ ‘ರೋ’ ವಿರೋಧಿ ಪ್ರತಿಕಾಯಗಳು ಜರಾಯುವನ್ನು ದಾಟಿ ಶಿಶುವಿನ ಆ ಗಂಟನ್ನು ಉರಿಯೂತಕ್ಕೆ ಗುರಿಪಡಿಸಿ, ಗಾಯಗಟ್ಟಿಸುತ್ತವೆ. (‘ರೋ’ ಎಂಬುದು ಒಬ್ಬ ರೋಗಿಯ ಹೆಸರಿನ ಮೊದಲೆರಡು ಅಕ್ಷರಗಳು.) ಈ ಪ್ರತಿಕಾಯಗಳು ಲೂಪಸ್, ಷೋಗ್ರೆನ್ ಮೊದಲಾದ, ದೇಹವು ತನ್ನ ಮೇಲೆಯೇ ತಿರುಗಿಬೀಳುವ ರೋಗಗಳಲ್ಲಿ ಕಂಡುಬರುತ್ತವೆ. ಲೂಪಸ್ ತಾಯಿಯ ಹೃದಯದ ಲಯವನ್ನೂ ಕೆಡಿಸಬಲ್ಲದು. ಆದರೆ ಪ್ರತಿಕಾಯಗಳಿದ್ದರೂ ಪ್ರೌಢ ಹೃದಯದ ಗಂಟು ಬಹುಮಟ್ಟಿಗೆ ಪಾರಾಗುತ್ತದೆ. ಎಷ್ಟೋ ತಾಯಂದಿರಿಗೆ ತಮ್ಮಲ್ಲಿ ರೋಗವಿದೆಯೆಂಬ ಅರಿವೇ ಇರುವುದಿಲ್ಲ. ಶಿಶುವಿನ ನಿಧಾನ ನಾಡಿಯೇ ಅದರ ಮೊದಲ ಕುರುಹು.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಈ ಇತಿಹಾಸಕ್ಕೆ ವಿಶೇಷ ಪ್ರಯೋಜನವಿದೆ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವರಿಸುವ ರೂಢಿ ಇಲ್ಲಿ ಹಳೆಯದು. ಎರಡು ಶಿಶುಗಳು ಸತ್ತರೆ ಸಂಬಂಧವನ್ನೋ ಸೊಸೆಯ ಕಾಲ್ಗುಣವನ್ನೋ ದೂರುವುದು ಸುಲಭ. ರಕ್ತಸಂಬಂಧದ ವಿವಾಹದಿಂದ ಬರುವ ರೋಗಗಳು ಉಂಟು, ನಿಜ. ಆದರೆ ಇದು ಅವುಗಳಲ್ಲಿ ಸೇರಿದ್ದಲ್ಲ.

ಪ್ರತಿಕಾಯವುಳ್ಳ 100 ತಾಯಂದಿರಲ್ಲಿ ಒಬ್ಬಿಬ್ಬರ ಶಿಶುವಿಗೆ ಮಾತ್ರ ಈ ತಡೆ ಉಂಟಾಗುತ್ತದೆ; ಒಮ್ಮೆ ಉಂಟಾದಲ್ಲಿ ಮುಂದಿನ ಗರ್ಭದಲ್ಲಿ ಅಪಾಯವು ಶೇಕಡ 16ರಿಂದ 18ರಷ್ಟಾಗುತ್ತದೆ. ಗಂಡಾಂತರದ ಅವಧಿ ಸುಮಾರು 18ರಿಂದ 26ನೆಯ ವಾರ. ನಿಧಾನ ಮಿಡಿತವನ್ನು ಉಸಿರುಗಟ್ಟುವಿಕೆಯೆಂದು ಭ್ರಮಿಸಿ ದಿನ ತುಂಬುವ ಮೊದಲೇ ಹೊಟ್ಟೆ ಕೊಯ್ದು ಶಿಶುವನ್ನು ಹೊರತೆಗೆಯುವುದೂ ಉಂಟು. ಪೂರ್ಣವಾದ ತಡೆ ಮತ್ತೆ ಗುಣವಾಗುವುದಿಲ್ಲ. ಬದುಕುಳಿದ ಬಹುಪಾಲು ಮಕ್ಕಳಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಅಂತಹ ಚಿಕಿತ್ಸೆಯ ದೊಡ್ಡ ಸಂಸ್ಥೆಗಳು ಇಲ್ಲಿಂದ ದೂರ. ಗರ್ಭಿಣಿಯ ತಪಾಸಣೆಯಲ್ಲಿ ಮಿಡಿತವನ್ನು ಎಣಿಸುವುದಾದರೋ ತಾಲ್ಲೂಕು ಆಸ್ಪತ್ರೆಗೆ ಸಾಧ್ಯವಿರುವ ಕೆಲಸ. ರಕ್ತದ ಮಾದರಿಯನ್ನು ಪಟ್ಟಣಕ್ಕೆ ಕಳುಹಿಸಬಹುದು. ಮೊದಲು ಇಂತಹ ಶಿಶುವನ್ನು ಹೆತ್ತವರು ಮುಂದಿನ ಗರ್ಭದ 10ನೆಯ ವಾರದೊಳಗೆ, ವೈದ್ಯರ ಸಲಹೆಯಂತೆ, ಮಲೇರಿಯಾ ಔಷಧಗಳ ಬಳಗದ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸತೊಡಗಿದರೆ ಮರುಕಳಿಕೆಯು ಅರ್ಧಕ್ಕಿಂತಲೂ ಕಡಿಮೆಯಾಗುವುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ.